ನೀಲಜ್ಜಿ ಕೂಡಿಸಿದ ನಂಟು

ಹಾನಗಲ್ಲಿನ ನಮ್ಮ ಮನೆಯಲ್ಲಿ ಪಡಸಾಲೆ ಎಂದೂ ನಮ್ಮದಾಗಿರಲಿಲ್ಲ. ಅಡಿಗೆಮನೆ ಅವ್ವನದು, ನಡುಮನೆ ಅಜ್ಜಿಯದು, ಅಟ್ಟ ಇಲಿಗಳದು, ಪಡಸಾಲೆ ಅಪ್ಪನ ಹುಡುಗರದು. ಅಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ. ಬೇರೆಯವರ ಅಪ್ಪಂದಿರು ಸಂತೆಯಿಂದ ಬದನೆಕಾಯಿ, ಸೌತೆಕಾಯಿ ತಂದರೆ ನನ್ನ ಅಪ್ಪ ಹುಡುಗರನ್ನು ತರುತ್ತಿದ್ದ. ಹತ್ತನೆಯ ತರಗತಿ ಪಾಸಾಗಿ, ತನ್ನ ಊರಲ್ಲಿ ಕಾಲೇಜಿಲ್ಲದೆ, ಪೇಟೆಯಲ್ಲಿ ಇರಲು ಜಾಗವಿಲ್ಲದೆ, ಕಣದಲ್ಲಿ ಗೋವಿನಜೋಳ ಬಿಡಿಸುತ್ತ ಕುಳಿತ ಹುಡುಗ ಕಣ್ಣಿಗೆ ಬಿದ್ದರೆ ಮುಗಿಯಿತು, ಅಪ್ಪನಿಗೆ ಆ ದಿನ ಊಟ ಸೇರುತ್ತಿರಲಿಲ್ಲ. ಮುಂದಿನ ಸೋಮವಾರ ಆ ಹುಡುಗ ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ಜೋಳದ ಗಂಟು ಹಿಡಿದು ನಮ್ಮ ಹೊಸ್ತಿಲ ಮುಂದೆ ನಾಚಿಕೊಂಡು ನಿಂತಿರುತ್ತಿದ್ದ. ಅವ್ವ ಒಳಗಿನಿಂದಲೇ ಕೂಗಿ ಹೇಳುತ್ತಿದ್ದಳು:

"ಎಷ್ಟು ಮಂದಿ ಅಂತ ಮೊದಲ ಹೇಳ್ರಿ. ಹಿಟ್ಟು ನಾದಾಕತ್ತೇನಿ."

ಅಪ್ಪನ ತಾಯಿ, ನಮ್ಮ ನೀಲಜ್ಜಿ, ನಡುಮನೆಯ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತ ಪ್ರತಿ ಸಲವೂ ಅದೇ ಪ್ರಶ್ನೆ ಕೇಳುತ್ತಿದ್ದಳು:

"ಇದೇನು ಮನಿಯೋ, ಧರ್ಮಶಾಲಿಯೋ?"

ಆದರೆ ಆ ಸಿಟ್ಟು ಸಂಜೆಯವರೆಗೂ ಬಾಳುತ್ತಿರಲಿಲ್ಲ. ಹುಡುಗನ ತಟ್ಟೆಗೆ ಮಜ್ಜಿಗೆ ಸುರಿಯುವಾಗ ಅಜ್ಜಿ ಅವನ ಊರು, ಮನೆತನದ ಬೆಡಗು, ಸೋದರಮಾವನ ಮನೆ ಎಲ್ಲವನ್ನೂ ಕೇಳಿ ತಿಳಿದುಕೊಂಡಿರುತ್ತಿದ್ದಳು. ಯಾಕೆಂದರೆ ನಮ್ಮ ಅಜ್ಜಿಗೆ ಬೀಗರನ್ನು ಕೂಡಿಸುವ ಹವ್ಯಾಸ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ಸುತ್ತಿನಲ್ಲಿ ಆಕೆ ಕೂಡಿಸಿದ ಸಂಬಂಧವಿಲ್ಲದ ಊರು ಸಿಗುವುದು ಕಷ್ಟ. ಪಡಸಾಲೆಯ ಹುಡುಗರೆಲ್ಲ ಅವಳ ಲೆಕ್ಕದಲ್ಲಿ ಮುಂದಿನ ವರಗಳು. "ಕಲೀಲಿ ಬಿಡು, ಕಲಿತ್ರ ಹುಡುಗಗ ಒಂದು ತೂಕ ಬರ್ತೈತಿ" ಎಂದು ಅವರಿಗೆ ಇನ್ನೊಂದು ರೊಟ್ಟಿ ಹಾಕಿಸುತ್ತಿದ್ದಳು. ಅಪ್ಪನ ಉದ್ದೇಶ ಒಂದು, ಅಜ್ಜಿಯ ಉದ್ದೇಶ ಇನ್ನೊಂದು, ಹುಡುಗರ ಹೊಟ್ಟೆ ಮಾತ್ರ ತುಂಬುತ್ತಿತ್ತು.

ಆ ಮನೆಯಲ್ಲಿ ಬೆಳಗು ಆಗುತ್ತಿದ್ದದ್ದು ಬಚ್ಚಲ ಮುಂದಿನ ಜಗಳದಿಂದ. ಶಿಗ್ಗಾಂವಿ ಕಡೆಯ ಹುಡುಗನೊಬ್ಬ ಬಿಸಿನೀರೆಲ್ಲ ತಾನೇ ಸುರಿದುಕೊಳ್ಳುತ್ತಾನೆ ಎಂದು ಸವಣೂರಿನವನ ದೂರು. ಸವಣೂರಿನವನು ಕಿಟಕಿಯ ಜಾಗ ಬಿಟ್ಟುಕೊಡುವುದಿಲ್ಲ ಎಂದು ಶಿಗ್ಗಾಂವಿಯವನ ದೂರು. ನ್ಯಾಯ ಹೇಳಬೇಕಾದ ಅಪ್ಪ ಬಾಯಲ್ಲಿ ಬೇವಿನಕಡ್ಡಿ ಇಟ್ಟುಕೊಂಡು ಹಿತ್ತಲಿನಲ್ಲಿ ಮಾಯವಾಗುತ್ತಿದ್ದ. ರಸಾಯನಶಾಸ್ತ್ರವನ್ನು ಗಟ್ಟಿಯಾಗಿ ಓದದಿದ್ದರೆ ತಲೆಗೆ ಹತ್ತುವುದಿಲ್ಲ ಎಂಬುದು ಅವರೆಲ್ಲರ ನಂಬಿಕೆಯಾಗಿತ್ತು. ಹೀಗಾಗಿ ನಾನು ಹದಿನೇಳರ ಮಗ್ಗಿ ಕಲಿಯುವ ಮೊದಲೇ ಗಂಧಕಾಮ್ಲದ ಸೂತ್ರ ಕಲಿತೆ. ರಾತ್ರಿಯ ಊಟಕ್ಕೆ ಎಲ್ಲರೂ ಒಂದೇ ಸಾಲು. ಪುಂಡಿಪಲ್ಯ, ಶೇಂಗಾ ಚಟ್ನಿ, ಬಿಸಿ ರೊಟ್ಟಿ. ಅವ್ವ ಒಲೆಯ ಮುಂದಿನಿಂದ ರೊಟ್ಟಿ ಎಸೆಯುವುದು, ನಾನು ಅದನ್ನು ಬುಟ್ಟಿಯಲ್ಲಿ ಹಿಡಿದು ಓಡುವುದು. ಆ ಓಟದಲ್ಲಿ ನನಗೆ ಸುಖವಿತ್ತು. ಈಗಲೂ ಯಾರ ಮನೆಯಲ್ಲಾದರೂ ನಾಲ್ಕೇ ಜನ ಸದ್ದಿಲ್ಲದೆ ಉಣ್ಣುವುದನ್ನು ಕಂಡರೆ ಇವರಿಗೆಲ್ಲ ಏನಾಗಿದೆ ಎಂದು ನನಗೆ ಅನಿಸುತ್ತದೆ.

ಒಂದೇ ಒಂದು ಕೊರತೆ ಎಂದರೆ, ಬರುವವರೆಲ್ಲ ಗಂಡುಹುಡುಗರು. ಮಗಳನ್ನು ಪರಊರಿಗೆ ಕಳಿಸಿ ಓದಿಸುವ ಧೈರ್ಯ ಯಾವ ಮನೆಯವರೂ ಮಾಡಿರಲಿಲ್ಲ. ನನಗೋ ಒಬ್ಬ ಅಕ್ಕ ಬೇಕಾಗಿತ್ತು. ಜಡೆ ಹಾಕುವವಳು, ಗುಟ್ಟು ಹೇಳುವವಳು, ಬಚ್ಚಲಿನ ಜಗಳದಲ್ಲಿ ನನ್ನ ಪರ ನಿಲ್ಲುವವಳು.

ಈಗ ನಾನು ಮಾಡುವುದೂ ಅಪ್ಪನ ಕೆಲಸವೇ. ಕಾಲೇಜಿನ ನೌಕರಿಯಿಂದ ನಿವೃತ್ತಿಯಾದ ಮೇಲೆ ಇದೇ ನಾಲ್ಕು ತಾಲ್ಲೂಕಿನ ಹಳ್ಳಿಗಳಿಗೆ ಹೋಗುತ್ತೇನೆ. ಓದು ನಿಲ್ಲಿಸುವ ಹುಡುಗ ಹುಡುಗಿಯರ ಮನೆಯವರ ಜೊತೆ ಕುಳಿತು ಮಾತಾಡುತ್ತೇನೆ. ನನ್ನ ಜೊತೆ ಬರುವ ಉತ್ಸಾಹಿ ತರುಣ ತರುಣಿಯರು ಮೊಬೈಲಿನಲ್ಲಿ ಕೋರ್ಸು, ಸ್ಕಾಲರ್‌ಶಿಪ್ಪು ಎಲ್ಲ ತೋರಿಸುತ್ತಾರೆ. ಅದು ಬೇಕು. ಆದರೆ ಮೊದಲು ಬೇಕಾದದ್ದು ಬೇರೆ, ಅದನ್ನು ನಾನು ಕಲಿತದ್ದು ಅಜ್ಜಿಯಿಂದ. ಆಕೆಗೆ ಕಾಲೇಜು ಎಂದರೆ ಏನೆಂದು ಸರಿಯಾಗಿ ಗೊತ್ತಿರಲಿಲ್ಲ, ಮನೆ ಎಂದರೆ ಏನೆಂದು ಗೊತ್ತಿತ್ತು. ಹೋದಕೂಡಲೇ ಬಂದ ಕೆಲಸ ಹೇಳಬಾರದು. ಮೊದಲನೆಯ 'ಇಲ್ಲ' ಲೆಕ್ಕಕ್ಕಿಲ್ಲ. ಇಂಥ ನೇಮಗಳು ಅವಳಲ್ಲಿ ಬೇಕಾದಷ್ಟಿದ್ದವು.

"ಮನಿಯಾಗ ಯಾರ ಮಾತು ನಡೀತೈತಿ ಅಂತ ತಿಳೀಬೇಕಂದ್ರ, ಚಾ ಮೊದಲ ಯಾರಿಗೆ ಕೊಡ್ತಾರ ಅಂತ ನೋಡಬ್ಯಾಡ. ಚಾ ಮಾಡಾಕ ಯಾರು ಹೇಳ್ತಾರ ಅಂತ ನೋಡು."

"ಸಾವಿರ ಸುಳ್ಳು ಹೇಳಿ ಒಂದು ಮದಿವಿ ಮಾಡು ಅಂತಾರಲ್ಲಬೇ?" ಎಂದು ಅಪ್ಪ ಕೆಣಕಿದರೆ ಅದಕ್ಕೂ ಅವಳ ಉತ್ತರ ಸಿದ್ಧವಿತ್ತು.

"ಒಂದು ಸುಳ್ಳೂ ಬ್ಯಾಡ. ಯಾವ ಖರೇ ಮೊದಲ ಹೇಳಬೇಕು, ಯಾವುದು ಆಮ್ಯಾಲೆ ಹೇಳಬೇಕು ಅಂತ ಗೊತ್ತಿದ್ರ ಸಾಕು."

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಅಪ್ಪನ ಊಟ ಮತ್ತೆ ಕೆಟ್ಟಿತು. ಹಾನಗಲ್ಲಿಗೆ ವರ್ಗವಾಗುವ ಮೊದಲು ಅಪ್ಪ ಹಿರೇಕೆರೂರಿನ ಕಡೆ ಕಲಿಸುತ್ತಿದ್ದ. ಅಲ್ಲಿ ಫಕ್ಕೀರವ್ವ ಎಂಬ ಹುಡುಗಿ ಅವನ ವಿದ್ಯಾರ್ಥಿನಿ. ಊರು ಅಬಲೂರಿನ ಆಚೆಯ ಒಂದು ಹಳ್ಳಿ. ತಂದೆತಾಯಿ ಇಬ್ಬರೂ ಚಿಕ್ಕಂದಿನಲ್ಲೇ ತೀರಿಕೊಂಡು, ದೊಡ್ಡಪ್ಪ ದೊಡ್ಡವ್ವ ಸಾಕಿದ ಕೂಸು. ಒಮ್ಮೆ ಅವರ ಎಮ್ಮೆ ಈಯಲಾಗದೆ ಒದ್ದಾಡಿದಾಗ ದನದ ಡಾಕ್ಟರು ಬಂದು, ಕೈ ಹಾಕಿ ಕರುವನ್ನು ತಿರುಗಿಸಿ ತೆಗೆದದ್ದನ್ನು ನೋಡಿದ್ದಳಂತೆ. ಅಂದಿನಿಂದ ಅವಳದು ಒಂದೇ ಹಟ, ತಾನೂ ದನದ ಡಾಕ್ಟರ್ ಆಗಬೇಕು. ಈಗ ಹತ್ತನೆಯ ತರಗತಿಯಲ್ಲಿ ಶಾಲೆಗೇ ಮೊದಲಿಗಳಾಗಿ ಪಾಸಾಗಿದ್ದಳು. ದೊಡ್ಡಪ್ಪ ಮುಂದೆ ಓದಿಸುವುದಿಲ್ಲ ಎಂದಿದ್ದ. ಹಾನಗಲ್ಲಿನ ಕಾಲೇಜಿಗೆ ಹೆಸರು ಹಚ್ಚುವ ಗಡುವು ಮುಗಿಯುತ್ತ ಬಂದಿತ್ತು. ಅದು ತಪ್ಪಿದರೆ ಆ ವರ್ಷ ಹೋಯಿತು. ಆ ಕಾಲದಲ್ಲಿ ನಮ್ಮ ಕಡೆ ಹುಡುಗಿಯ ಒಂದು ವರ್ಷ ಹೋಯಿತೆಂದರೆ ಅವಳ ಓದೇ ಹೋದಂತೆ. ಅಪ್ಪ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದಿದ್ದ. ಮೂರನೆಯ ಸಲಕ್ಕೆ ಅಜ್ಜಿಯ ಮುಂದೆ ಬಂದು ಕುಳಿತ.

"ನೀನಾರ ಬಾರಬೇ. ನನ್ನ ಮಾತು ಅವರಿಗೆ ತಲಿಗೆ ಹತ್ತವಲ್ದು."

"ಪಾಠ ಹೇಳಿದಂಗ ಹೇಳಿರ್ತಿ ನೀ" ಎಂದಳು ಅಜ್ಜಿ. ಗುರುವಾರ ಹೋಗುವುದೆಂದು ನಿಶ್ಚಯವಾಯಿತು.

ಗುರುವಾರ ಬೆಳಿಗ್ಗೆ ಅಜ್ಜಿಯ ಚೀಲದಲ್ಲಿ ತೆಂಗಿನಕಾಯಿ, ಕುಬಸ ಹೊಲಿಸುವ ಖಣ, ಸಕ್ಕರೆ, ಎಲೆ ಅಡಿಕೆ ಎಲ್ಲ ಕೂತಿದ್ದವು. ಅಪ್ಪನಿಗೆ ನಗೆ ಬಂತು.

"ಕಾಲೇಜಿನ ಮಾತಿಗೆ ಖಣ ಯಾಕಬೇ?"

"ಬರಗೈಲೆ ಯಾರ ಹೆಣ್ಣನ್ನೂ ಕೇಳಬಾರದು. ಕಾಲೇಜಿರಲಿ, ಮದಿವಿ ಇರಲಿ, ಮಗಳ್ನ ಮನಿ ಬಿಡಿಸಿ ಕರಕೊಂಡು ಬರೂದು ಎರಡೂ ಒಂದ."

ಅಜ್ಜಿ, ಅಪ್ಪ, ಅವ್ವ ಮೂವರು. ವಿಜ್ಞಾನದ ಕೋರ್ಸಿನ ಬಗ್ಗೆ ತಿಳಿಸಿ ಹೇಳಲೆಂದು ಅಪ್ಪ ತನ್ನ ಶಾಲೆಯ ಪ್ರಕಾಶ ಮಾಸ್ತರನ್ನೂ ಕರೆದಿದ್ದ. ಮೀಸೆ ಈಗಷ್ಟೇ ದಟ್ಟವಾಗುತ್ತಿದ್ದ, ಇಸ್ತ್ರಿ ಮುರಿಯದ ಪ್ಯಾಂಟಿನ ತರುಣ. ಅಲ್ಲಿಗೆ ನಾಲ್ವರಾದರು. ಹೆಣ್ಣು ಕೇಳಲು ಸರಿಸಂಖ್ಯೆಯಲ್ಲಿ ಹೋಗಬಾರದೆಂದು ಅಜ್ಜಿ ನನಗೂ ಲಂಗ ಹಾಕಿಸಿದಳು. ಆ ದಿನದ ಸುಖವನ್ನೆಲ್ಲ ಕಂಡ ನಾನು, ಲೆಕ್ಕಕ್ಕೆ ಐವರಾಗಲಿ ಎಂದಷ್ಟೇ ಹೊರಟವಳು.

ಹಿರೇಕೆರೂರಿನಲ್ಲಿ ಬಸ್ಸು ಬದಲಿಸಿ ಹಳ್ಳಿಯಲ್ಲಿ ಇಳಿದಾಗಲೇ ತಪ್ಪು ನಡೆದುಹೋಗಿತ್ತು. ನಮಗೆ ಅದು ತಿಳಿಯಲಿಲ್ಲ. ನೀಲಜ್ಜಿ ಕೈಯಲ್ಲಿ ಚೀಲ ಹಿಡಿದು ಒಂದು ಊರಿನಲ್ಲಿ ಬಸ್ಸಿಳಿದಳೆಂದರೆ ಅದಕ್ಕೆ ಇರುವುದು ಒಂದೇ ಅರ್ಥ ಎಂದು ನಾಲ್ಕು ತಾಲ್ಲೂಕಿಗೆ ಗೊತ್ತು. ಅವಳ ಹಿಂದೆ ಎಣ್ಣೆ ಹಚ್ಚಿ ತಲೆ ಬಾಚಿದ ತರುಣನೊಬ್ಬ ಬೇರೆ. ನಾವು ಕೆರೆಯ ಏರಿ ದಾಟುವುದರೊಳಗೆ ಸುದ್ದಿ ನಮಗಿಂತ ಮುಂದೆ ಓಡಿ ಆ ಮನೆ ಸೇರಿತ್ತು. ನಾವು ಮುಟ್ಟಿದಾಗ ಅಂಗಳಕ್ಕೆ ನೀರು ಹೊಡೆದಿದ್ದರು, ಜಮಖಾನ ಹಾಸಿದ್ದರು. ದೊಡ್ಡಪ್ಪ ಹನುಮಂತಪ್ಪ ಅವಸರದಲ್ಲಿ ತೊಟ್ಟ ಅಂಗಿಯ ಗುಂಡಿ ಹಾಕುತ್ತ ಎದುರು ಬಂದ.

"ಬರ್ರಿ, ಬರ್ರಿ. ನೀಲಕ್ಕಾರು ನಮ್ಮ ಮನಿಗೆ ಬಂದ್ರಂದ್ರ ಅದ ನಮ್ಮ ಪುಣ್ಯ. ಮಾಸ್ತರ, ನೀವು ನಡುವ ಕುಂದರ್ರಿ."

ಎರಡು ಸಲ ತಿರುಗಿಸಿ ಕಳಿಸಿದ್ದ ಮನುಷ್ಯ ಹೀಗೆ ಕರಗಿದ್ದನ್ನು ನೋಡಿ ಅಪ್ಪ ಹಿಗ್ಗಿ ಹೋದ. ಪ್ರಕಾಶ ಮಾಸ್ತರು ನಡುವೆ ಕುಳಿತರು. ಬಾಗಿಲಲ್ಲಿ ನೆರೆಮನೆಯವರು ತುಂಬಿದರು.

"ಹೊಲ ಎಷ್ಟೈತ್ರಿ ನಿಮ್ಮದು?" ದೊಡ್ಡಪ್ಪ ಮಾಸ್ತರನ್ನು ಕೇಳಿದ.

"ಅಪ್ಪನ ಹೆಸರಿಲೆ ಸ್ವಲ್ಪ ಐತ್ರಿ. ನಾವು ಮೂರು ಮಂದಿ ಅಣ್ಣತಮ್ಮರು."

"ನೌಕರಿ ಕಾಯಂ ಆಗೇತೇನ್ರಿ?"

"ಈ ವರ್ಷ ಆತ್ರಿ."

"ಚಟಾ ಗಿಟಾ?"

"ಚಾ ಜರಾ ಜಾಸ್ತಿ ಕುಡೀತೇನ್ರಿ" ಎಂದು ಮಾಸ್ತರು ನಕ್ಕರು. ಬಾಗಿಲಲ್ಲಿದ್ದವರೂ ಒಪ್ಪಿಗೆಯ ನಗೆ ನಕ್ಕರು. ಹಳ್ಳಿಯವರಿಗೆ ಮಾಸ್ತರೆಂದರೆ ಎಷ್ಟು ಕಾಳಜಿ ಎಂದು ಪ್ರಕಾಶ ಮಾಸ್ತರು ಅಂದುಕೊಂಡಿದ್ದರಂತೆ. ಆದ ತಪ್ಪು ಅಜ್ಜಿಗೆ ಆಗಲೇ ತಿಳಿದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಮುಂದೆ ಎಷ್ಟು ಸಲ ಕೇಳಿದರೂ ಅವಳು ಉತ್ತರ ಕೊಡದೆ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಆ ಹೊತ್ತಿನಲ್ಲಿ ಅವಳ ಕಣ್ಣು ಇದ್ದದ್ದು ಒಳಬಾಗಿಲ ಮೇಲೆ. ದೊಡ್ಡಪ್ಪ ಎಷ್ಟು ಮಾತಾಡಿದರೂ ಚಹಾ ಬಂದಿರಲಿಲ್ಲ. ಕೊನೆಗೆ ಒಳಗಿಂದ ಒಂದು ಗಟ್ಟಿ ಹೆಣ್ಣುದನಿ "ಇನ್ನ ಚಾ ಇಡ್ರಿ" ಎಂದಿತು. ಅಜ್ಜಿ ಅವ್ವನಿಗೆ ಮೊಣಕೈಯಿಂದ ತಿವಿದಳು. ಅದು ದೊಡ್ಡವ್ವ ಗಂಗವ್ವನ ದನಿ.

ನನಗೆ ಕುಳಿತು ಬೇಸರವಾಗಿತ್ತು. ಒಳಗೆ ಹೋದೆ. ಅಡಿಗೆಮನೆಯ ಮೂಲೆಯಲ್ಲಿ, ಯಾರದೋ ರೇಶಿಮೆ ಸೀರೆಯಲ್ಲಿ ಸುತ್ತಿದ ಒಬ್ಬ ಹುಡುಗಿ ಒಲೆಯ ಹೊಗೆಯ ನೆಪದಲ್ಲಿ ಅಳುತ್ತಿದ್ದಳು. ಮುಖವೆಲ್ಲ ಬಾತಿತ್ತು. ನಾನು ಯಾರ ಮಗಳೆಂದು ಕೇಳಿದಳು. ಹೇಳಿದೆ.

"ನಿಮ್ಮಪ್ಪಾರು ಹಿಂಗ ಮಾಡ್ತಾರಂತ ನಾ ಅನಕೊಂಡಿದ್ದಿಲ್ಲ" ಎಂದಳು. "ಓದಸ್ತೇನಿ ಅಂತ ಹೇಳಿ ವರಾ ಕರಕೊಂಡು ಬಂದಾರ."

ನನಗೆ ಏನೂ ಅರ್ಥವಾಗಲಿಲ್ಲ.

"ಯಾವ ವರಾ? ಪ್ರಕಾಶ ಸರ್‌ಗೆ ಸವಣೂರಾಗ ನಿಶ್ಚೆ ಆಗೇತಿ. ನಮ್ಮಜ್ಜೀನ ಮಾಡ್ಯಾಳ. ಅವರು ನಿಮಗ ಸಾಯನ್ಸ್ ಬಗ್ಗೆ ಹೇಳಾಕ ಬಂದಾರ."

ಫಕ್ಕೀರವ್ವ ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ಎಂಥ ನಗೆಯೆಂದರೆ, ತಟ್ಟೆಯಲ್ಲಿದ್ದ ಕಪ್ಪುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಅಳು ಪೂರ್ತಿ ನಿಂತಿರಲಿಲ್ಲ, ನಗೆಯೂ ತಡೆಯುತ್ತಿರಲಿಲ್ಲ. ನನಗೆ ಅವಳು ಆ ಕ್ಷಣವೇ ಹಿಡಿಸಿಬಿಟ್ಟಳು. ಇವಳನ್ನು ಬಿಟ್ಟು ನಾನು ಹಾನಗಲ್ಲಿಗೆ ಬಸ್ಸು ಹತ್ತುವುದಿಲ್ಲ ಎಂದು ಮನಸ್ಸಿನಲ್ಲೇ ನಿರ್ಧರಿಸಿದೆ. ಅವಳು ಹಾಗೆಯೇ, ತುಟಿಯ ಮೂಲೆಯಲ್ಲಿ ನಗೆ ಹಿಡಿದುಕೊಂಡು ಹೊರಗೆ ಚಹಾ ಒಯ್ದಳು. ಅಷ್ಟೇ ಸಾಕಾಯಿತು. ಹುಡುಗಿ ಹುಡುಗನನ್ನು ನೋಡಿ ನಕ್ಕಳು ಎಂದು ಬಾಗಿಲಲ್ಲಿದ್ದ ಹೆಂಗಸರು ಪಿಸುಗುಟ್ಟಿದರು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡ.

"ನಮಗ ಹುಡುಗ ಒಪ್ಪಿಗಿ ಅದಾನ್ರಿ, ನೀಲಕ್ಕಾರ. ಸಕ್ಕರಿ ಹಂಚೂಣು."

ಪ್ರಕಾಶ ಮಾಸ್ತರ ಬಾಯಲ್ಲಿದ್ದ ಚಹಾ ಮೂಗಿಗೆ ಹೋಯಿತು. ಕೆಮ್ಮು ನಿಂತ ಮೇಲೆ ಅವರು ಹೇಳಿದ್ದು ಒಂದೇ ಮಾತು.

"ನನಗ ಆಗೇತ್ರಿ. ಸವಣೂರಾಗ."

ಅಪ್ಪ ಎದ್ದು ನಿಂತು, ಬಂದ ಕಾರಣವನ್ನು ತಡವರಿಸುತ್ತ ಹೇಳಿದ. ಪಾಠ ಹೇಳಿದಂತೆಯೇ ಹೇಳಿದ. ದೊಡ್ಡಪ್ಪನ ಮುಖ ಕೆಂಪಾಯಿತು. ಊರೆಲ್ಲ ಬಾಗಿಲಲ್ಲಿ ನಿಂತಿತ್ತು, ಅವನ ಸಿಟ್ಟಿಗೆ ಅರ್ಥವಿತ್ತು.

"ಊರ ಮುಂದ ನಮ್ಮ ಮರ್ಯಾದಿ ಕಳದ್ರಿ. ಇನ್ನ ಕಾಲೇಜಿನ ಮಾತು ತಗೀಬ್ಯಾಡ್ರಿ. ನಮ್ಮ ಹುಡುಗಿ ಎಲ್ಲೂ ಬರೂದಿಲ್ಲ."

ಅಪ್ಪ ಚಪ್ಪಲಿ ಹುಡುಕತೊಡಗಿದ. ಅವ್ವ ನನ್ನ ಕೈ ಹಿಡಿದಳು. ನನಗೆ ಅಳು ಬಂತು. ಫಕ್ಕೀರವ್ವ ಖಾಲಿ ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದಳು, ಈಗ ಅವಳ ಮುಖದಲ್ಲಿ ನಗೆ ಇರಲಿಲ್ಲ. ಅಜ್ಜಿ ಮಾತ್ರ ಕುಳಿತಲ್ಲಿಂದ ಏಳಲಿಲ್ಲ. ದೊಡ್ಡಪ್ಪನ ಕಡೆ ನೋಡಲೂ ಇಲ್ಲ. ಒಳಬಾಗಿಲ ಕಡೆ ತಿರುಗಿ, ಅಲ್ಲಿ ನಿಂತ ಗಂಗವ್ವನನ್ನು ಕೇಳಿದಳು:

"ನೀ ಹೇಳವ್ವ. ಹುಡುಗಿ ಕಲಿಯೂದು ನಿನಗ ಬ್ಯಾಡಾಗೇತೇನು?"

ಗಂಗವ್ವ ಹೊರಗೆ ಬಂದು ಫಕ್ಕೀರವ್ವನ ಪಕ್ಕದಲ್ಲಿ ನಿಂತಳು.

"ಕಲಿಯೂದು ಯಾಕ ಬ್ಯಾಡ್ರಿ? ಹಗಲಿಡೀ ಎಮ್ಮಿ ಮುಂದ ಕುಂತು ಅದಕ್ಕ ಪಾಠ ಹೇಳ್ತಾಳ. ಆದ್ರ ತಾಯಿಲ್ಲದ ಕೂಸರಿ. ನಿಮ್ಮ ಮನಿಗೆ ಯಾವ ನಂಟಿನ ಮ್ಯಾಲೆ ಕಳಸೂಣು? ಹೆಣ್ಣುಮಗಳು ಹೊಸ್ತಲಾ ದಾಟಿದ್ರ ಗಂಡನ ಮನಿಗೆ, ಇಲ್ಲಂದ್ರ ನಂಟರ ಮನಿಗೆ. ನೀವು ನಮಗ ಏನಾಗ್ಬೇಕು? ನಾಳಿ ಊರವರು ಕೇಳಿದ್ರ ನಾ ಏನಂತ ಹೇಳಲಿ?"

ಅಪ್ಪ ಎರಡು ಸಲ ಬಂದು ವಿಷಯಗಳ ಬಗ್ಗೆ, ಖರ್ಚಿನ ಬಗ್ಗೆ, ಮುಂದಿನ ನೌಕರಿಯ ಬಗ್ಗೆ ಹೇಳಿದ್ದ. ಈ ಪ್ರಶ್ನೆಯನ್ನು ಯಾರೂ ಅವನಿಗೆ ಕೇಳಿರಲಿಲ್ಲ, ಅವನಿಗೂ ಅದು ಹೊಳೆದಿರಲಿಲ್ಲ. ಅಜ್ಜಿ ನಿಧಾನವಾಗಿ ಎದ್ದಳು. ಜೀವಮಾನವಿಡೀ ಬೇರೆಯವರ ನಂಟು ಕೂಡಿಸಿದವಳು ಅಂದು ತನಗಾಗಿ ಕೇಳಿದಳು.

"ನನ್ನ ತವರಮನಿ ಬಾಗಲಾ ಮುಚ್ಚಿ ಭಾಳ ದಿನಾತವ್ವ. ಅಣ್ಣ ಇಲ್ಲ, ತಮ್ಮ ಇಲ್ಲ. ನಾಗರ ಪಂಚಮಿ ಬಂದ್ರ ಎಲ್ಲಾ ಹೆಣ್ಮಕ್ಕಳ್ನೂ ತವರಿಂದ ಕರಿಯಾಕ ಬರ್ತಾರ, ನನ್ನ ಯಾರೂ ಕರಿಯಂಗಿಲ್ಲ. ಈ ಹನುಮಂತಪ್ಪ ನನಗ ತಮ್ಮ ಆಗಲಿ. ಈ ಮನಿ ನನಗ ತವರಮನಿ ಆಗಲಿ. ಆಗ ಫಕ್ಕೀರಿ ಸೋದರತ್ತಿ ಮನಿಗೆ ಬಂದಂಗ ಆತು. ಸೋದರತ್ತಿ ಮನ್ಯಾಗ ಕೂಸು ಇದ್ರ ಯಾವ ಊರವರು ಏನು ಕೇಳ್ತಾರ?"

ಅಜ್ಜಿ ತನ್ನ ಬೊಗಸೆ ಮುಂದೆ ಚಾಚಿದಳು.

"ನಾ ಗಂಡ ಇಲ್ಲದಾಕಿ, ಉಡಿ ಬ್ಯಾಡ. ನಾಕು ಕಾಳು ಅಕ್ಕಿ ಕೈಯಾಗ ಹಾಕು, ಸಾಕು."

ನಮ್ಮ ಕಡೆ ಮಗಳು ತವರಿನಿಂದ ಹೊರಡುವಾಗ ಅವಳ ಸೆರಗಿಗೆ ಅಕ್ಕಿ, ಕಾಯಿ, ಖಣ ಹಾಕಿ ಉಡಿ ತುಂಬುತ್ತಾರೆ. ಗಂಡ ಸತ್ತವಳಿಗೆ ತುಂಬುವುದಿಲ್ಲ. ಎಷ್ಟೋ ಮದುವೆಗಳನ್ನು ಕೂಡಿಸಿದ ನಮ್ಮ ಅಜ್ಜಿ ಅದೇ ಮದುವೆಗಳ ಹಂದರದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿರುತ್ತಿದ್ದಳು. ಗಂಗವ್ವ ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಅಕ್ಕಿ ತುಂಬಿದ ಮೊರವಿತ್ತು. ಅಜ್ಜಿಯ ಚಾಚಿದ ಕೈಗಳನ್ನು ನೋಡಿ ಆಕೆ ತಲೆ ಅಲ್ಲಾಡಿಸಿದಳು.

"ತವರಮನಿ ಅಂತೀರಿ, ಮತ್ತ ಕೈ ಚಾಚತೀರಿ. ಮನಿಮಗಳಿಗೆ ಕೈಯಾಗ ಹಾಕಿ ಕಳಸ್ತಾರೇನ್ರಿ? ಸೆರಗ ಒಡ್ಡ್ರಿ."

ಅಜ್ಜಿ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬಾಗಿಲಲ್ಲಿದ್ದ ಹೆಂಗಸರೂ ಸೆರಗು ಕಣ್ಣಿಗೆ ಒತ್ತಿಕೊಂಡರು. ದೊಡ್ಡಪ್ಪ ಅತ್ತಿತ್ತ ನೋಡಿ, ತನ್ನ ಮರ್ಯಾದೆ ಹೇಗೋ ಏನೋ ತಿರುಗಿ ಬಂದಿದೆ ಎಂದು ಅರಿತು, "ಅಕ್ಕಾ, ಊಟಾ ಮಾಡಿಕೊಂಡ ಹೋಗಬೇಕು ನೋಡು" ಎಂದ. ಬಹುವಚನ ಬಿಟ್ಟಿದ್ದ. ತಂದ ಸಕ್ಕರೆಯನ್ನು ಊರಿಗೆಲ್ಲ ಹಂಚಿದೆವು. ಪ್ರಕಾಶ ಮಾಸ್ತರು ಎಲ್ಲರಿಗಿಂತ ಹೆಚ್ಚು ಉಂಡರು. ಸಂಜೆಯ ಬಸ್ಸಿನಲ್ಲಿ ಫಕ್ಕೀರವ್ವ ಕಿಟಕಿಯ ಬದಿಗೆ, ನಾನು ಅವಳ ತೊಡೆಯ ಮೇಲೆ. ಹೋಗುವಾಗ ಐವರಾಗಿದ್ದವರು ಬರುವಾಗ ಆರು ಜನ, ಸರಿಸಂಖ್ಯೆ. ಅಜ್ಜಿ ಅದನ್ನು ಎಣಿಸಲೇ ಇಲ್ಲ.

ಫಕ್ಕೀರವ್ವ ನಡುಮನೆಯಲ್ಲಿ ಅಜ್ಜಿಯ ಪಕ್ಕ ಹಾಸಿಗೆ ಹಾಸಿದಳು. ಬಚ್ಚಲಿನ ಸರದಿಗೆ ನೇಮ ಮಾಡಿದಳು, ಶಿಗ್ಗಾಂವಿಯವನನ್ನೂ ಸವಣೂರಿನವನನ್ನೂ ಒಂದೇ ವಾರದಲ್ಲಿ ಹದಕ್ಕೆ ತಂದಳು, ನನಗೆ ದಿನಾ ಬಿಗಿಯಾಗಿ ಎರಡು ಜಡೆ ಹಾಕಿದಳು. ಅವಳ ಹಿಂದೆ ಇನ್ನೂ ಹುಡುಗಿಯರು ಬಂದರು. ಪ್ರತಿಯೊಬ್ಬಳಿಗೂ ಅಜ್ಜಿ ಮೊದಲು ಒಂದು ನಂಟು ಹುಡುಕುತ್ತಿದ್ದಳು. ಫಕ್ಕೀರವ್ವ ದನದ ಡಾಕ್ಟರ್ ಆದದ್ದು ಈ ಭಾಗದ ಎಲ್ಲ ಎಮ್ಮೆಗಳಿಗೂ ಗೊತ್ತು, ನಾನು ಹೇಳಬೇಕಾಗಿಲ್ಲ. ನನಗೆ ನೆನಪಾಗುವುದು ಆ ವರ್ಷದ ಪಂಚಮಿ.

ಹಬ್ಬದ ಹಿಂದಿನ ದಿನ ದೊಡ್ಡಪ್ಪ ಬುಟ್ಟಿಯ ತುಂಬ ಉಂಡಿ ಹೊತ್ತುಕೊಂಡು ನಮ್ಮ ಮನೆಗೆ ಬಂದ. ಅಕ್ಕನನ್ನೂ ಮಗಳನ್ನೂ ಕರೆದೊಯ್ಯಲು. ಅಜ್ಜಿ ಬೆಳಿಗ್ಗೆಯೇ ಗಂಟು ಕಟ್ಟಿ, ಹೊಸ ಸೀರೆ ಉಟ್ಟು, ಕಟ್ಟೆಯ ಮೇಲೆ ಓಣಿಯವರಿಗೆಲ್ಲ ಕಾಣುವ ಹಾಗೆ ಕುಳಿತಿದ್ದಳು. ಹೋಗುವವರನ್ನೆಲ್ಲ ನಿಲ್ಲಿಸಿ "ನನ್ನ ತಮ್ಮ ಬಂದಾನ, ಕರಿಯಾಕ" ಎಂದು ಹೇಳಿದ್ದಾಯಿತು. ಆದರೆ ಫಕ್ಕೀರವ್ವನಿಗೆ ಆ ದಿನ ಕಾಲೇಜಿನಲ್ಲಿ ಪರೀಕ್ಷೆ. ಬಸ್ಸಿನ ಹೊತ್ತಾಯಿತು, ಅವಳ ಸುಳಿವಿಲ್ಲ. ಅಜ್ಜಿಗೆ ತಡೆಯಲಾಗಲಿಲ್ಲ.

"ಸುಮ್ಮೀನ ಕಳಸಿ ಕರಸೂಣೇನೋ ತಮ್ಮಾ? ಅರ್ಧಾ ಬರದಿದ್ರೂ ನಡೀತೈತಿ. ಬಸ್ ಹೋಗ್ತೈತಿ."

ಸುಮ್ಮಿ ಎಂದರೆ ನಾನು. ನಾನು ಓಡಲು ತಯಾರಾಗಿ ನಿಂತೆ. ದೊಡ್ಡಪ್ಪ ನನ್ನ ಭುಜ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡ. ಚಪ್ಪಲಿ ಬಿಚ್ಚಿಟ್ಟು, ಕಟ್ಟೆಯ ಮೇಲೆ ಕಾಲು ಮಡಚಿ ಸರಿಯಾಗಿ ಕುಳಿತ.

"ಬಸ್ ಇನ್ನೊಂದು ಬರ್ತೈತಿ, ಅಕ್ಕಾ" ಎಂದ. "ಹುಡುಗಿ ಪೂರಾ ಬರೀಲಿ."